ಹಳೆಯ ಕ್ಯಾಮೆರಾ ಕೊಳ್ಳಲು ನಾಚಿಕೆಯೇಕೆ?



ಛಾಯಾಗ್ರಹಣ ಕಲಿಯುವ ಆಸೆಯಿದ್ದು ಕೈಯಲ್ಲಿ ಹೆಚ್ಚು ಹಣವಿಲ್ಲದವರು ಸಾಲದ ಕಂತಿನ ಮೇಲೆ ಹೊಸ ಕ್ಯಾಮೆರಾ ಕೊಳ್ಳಬಾರದು. ಬೇರೊಬ್ಬರು ಬಳಸಿದ, ಸುಸ್ಥಿತಿಯಲ್ಲಿರುವ ಡಿಎಸ್‌ಎಲ್‌ಆರ್ ಒಂದನ್ನೂ ಅದಕ್ಕೆ ತಕ್ಕ ಒಂದೇ ಒಂದು ಒಳ್ಳೆಯ ಲೆನ್ಸನ್ನೂ ಕೊಳ್ಳಬೇಕು. ಇದನ್ನು ಬಡವರಿಗೆ ಹೇಳುವ ಸಮಾಧಾನದ ಮಾತೆಂದು ಯಾರೂ ತಿಳಿಯಬಾರದು. ಕಲಿಕೆಯ ದೃಷ್ಟಿಯಿಂದಲೂ ಲೆಕ್ಕದ ದೃಷ್ಟಿಯಿಂದಲೂ ಇದೇ ಉತ್ತಮವಾದ ದಾರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹೀಗೆ ಹೇಳಿದ್ದಕ್ಕೆ ನಮ್ಮ ನೆಂಟರಿಷ್ಟರಲ್ಲೇ ಕೆಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಆದ್ದರಿಂದ ನನ್ನ ಮಾತಿಗೆ ಆಧಾರವೇನೆಂಬುದನ್ನು ಒಮ್ಮೆ ವಿವರವಾಗಿ ಬರೆದುಬಿಡುವುದು ಲೇಸೆನಿಸಿತು.

ಮೊದಲು ಲೆಕ್ಕ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸದಲ್ಲ. ಮಾತಿಗೆ ಮುನ್ನ ಲೆಕ್ಕ ಎಂದು ಎಷ್ಟು ಸಲ ಹೇಳಿಲ್ಲ! 75,000 ರೂಪಾಯಿ ಬೆಲೆಯ ಹೊಸ ಕ್ಯಾಮೆರಾವನ್ನು ವರ್ಷಕ್ಕೆ ಶೇಕಡಾ 14ರ ಬಡ್ಡಿಗೆ 24 ತಿಂಗಳ ಕಂತಿನಲ್ಲಿ ಕೊಂಡರೆಂದು ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 3,600 ರೂಪಾಯಿ. ಎರಡು ವರ್ಷಗಳಲ್ಲಿ ತೆರುವುದು 86,400 ರೂಪಾಯಿ. ಬಡ್ಡಿಯಾಗಿ ಹೋದ 11,400 ರೂಪಾಯಿಯಲ್ಲಿ ಬಳಸಿದ ಒಳ್ಳೆಯ ಲೆನ್ಸೊಂದು ಬರುತ್ತಿತ್ತು. ಸಾಲ ತೀರುವ ದಿನ ಆ ಕ್ಯಾಮೆರಾವನ್ನು ಮಾರಲು ಹೊರಟರೆ ಕೊಟ್ಟ ಬೆಲೆಯ ಹತ್ತಿರಕ್ಕೂ ಯಾರೂ ಬರುವುದಿಲ್ಲ. ಹೊಸ ಯಂತ್ರದ ಬೆಲೆ ಬಹುಪಾಲು ಇಳಿಯುವುದು ಮೊದಲ ಒಡೆಯನ ಕೈಯಲ್ಲಿಯೇ. ಎರಡನೆಯ ಒಡೆಯನು ಆ ನಷ್ಟವನ್ನು ಹೊರಬೇಕಾಗಿಲ್ಲ. ಅವನು ಒಂದು ವರ್ಷ ಬಳಸಿ ಮಾರಿದರೂ ಕೊಟ್ಟ ಹಣದ ದೊಡ್ಡ ಪಾಲು ಹಿಂದಿರುಗುತ್ತದೆ.

'ಬಡ್ಡಿಯೇ ಇಲ್ಲದ ಕಂತು ಸಿಗುತ್ತದಲ್ಲ ಸಾರ್' ಎನ್ನುವವರಿದ್ದಾರೆ. 2013ರ ಸೆಪ್ಟೆಂಬರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಆಮೇಲೆ ಬಂದ 'ನೋ ಕಾಸ್ಟ್' ಕಂತುಗಳಲ್ಲೂ ಬಡ್ಡಿ ಇದ್ದೇ ಇರುತ್ತದೆ. ಅಷ್ಟೇ ಮೊತ್ತವನ್ನು ರಿಯಾಯಿತಿಯ ರೂಪದಲ್ಲಿ ಬೆಲೆಯಲ್ಲಿ ಹೊಂದಿಸಿರುತ್ತಾರೆ. ಒಮ್ಮೆಗೇ ಹಣ ಕೊಡುವವನಿಗೆ ಸಿಗುವ ರಿಯಾಯಿತಿ ಎಷ್ಟೋ ಸಲ ಕಂತಿನವನಿಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ ಬೇರೆ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದವರು ತುಪ್ಪವನ್ನು ಮಾತ್ರ ಕಂಡವರು, ಸಾಲಗಾರನ ಮನೆಯನ್ನು ಕಂಡವರಲ್ಲ.

ನನ್ನ ಶಿಷ್ಯನೊಬ್ಬನ ತಮ್ಮ ಮದುವೆಗಳ ಚಿತ್ರ ತೆಗೆಯುವ ಕೆಲಸ ಹಿಡಿಯುವೆನೆಂದು ಸಾಲ ಮಾಡಿ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ. ತಂದೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಚೈತ್ರ ವೈಶಾಖದಲ್ಲಿ ನಾಲ್ಕಾರು ಮದುವೆಗಳು ಸಿಕ್ಕವು. ಹುಡುಗ ಕಂತು ಕಟ್ಟಿದ. ಆಮೇಲೆ ಆಷಾಢ ಬಂತು. ಮದುವೆಗೆ ಆಷಾಢವಿದೆ, ಕಂತಿಗೆ ಆಷಾಢವಿಲ್ಲ. ಎರಡು ಕಂತು ತಪ್ಪಿದವು. ವಸೂಲಿಯವರ ದೂರವಾಣಿ ಕರೆ ತಂದೆಯ ಕೆಲಸದ ಜಾಗಕ್ಕೂ ಬರತೊಡಗಿತು. ಕಡೆಗೆ ಕ್ಯಾಮೆರಾವನ್ನು ಸಿಕ್ಕಷ್ಟಕ್ಕೆ ಮಾರಿದರು. ಸಾಲ ತೀರಲಿಲ್ಲ, ಕ್ಯಾಮೆರಾ ಉಳಿಯಲಿಲ್ಲ, ಹುಡುಗ ಈಗ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಕುಳಿತಿದ್ದಾನೆ. ಅವನಿಗೆ ಕೈಗುಣವಿತ್ತು. ನಾನು ಅವನ ಚಿತ್ರಗಳನ್ನು ನೋಡಿದ್ದೇನೆ. ಮಂಟಪದ ಗದ್ದಲದ ನಡುವೆ ಹುಡುಗಿಯ ತಾಯಿ ಕಣ್ಣೊರೆಸಿಕೊಳ್ಳುವ ಗಳಿಗೆಯನ್ನು ಹಿಡಿಯಬಲ್ಲವನಾಗಿದ್ದ. ಯಂತ್ರದ ಬೆಲೆ ಅವನ ಕಲೆಯನ್ನೇ ನುಂಗಿತು. ಇಂಥ ಮಕ್ಕಳ ಸಲುವಾಗಿಯೇ ಈ ಬರಹ.

ಈಗ ನನ್ನ ಮೇಲಿನ ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

'ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಸತ್ತ ಕುದುರೆಯನ್ನು ಕೊಳ್ಳಿ ಎನ್ನುತ್ತೀರಲ್ಲ' ಎಂಬುದು ಮೊದಲನೆಯದು. ಕಾರ್ಖಾನೆಯ ದೃಷ್ಟಿಯಿಂದ ಈ ಮಾತು ನಿಜ. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಕನ್ನಡಿಯಿಲ್ಲದ ಕ್ಯಾಮೆರಾಗಳಿಗಾಗಿ ಹೊಸ ಮೌಂಟುಗಳನ್ನು ತಂದವು. ಅವುಗಳ ಹೊಸ ಡಿಎಸ್‌ಎಲ್‌ಆರ್ ಮಾದರಿಗಳ ಸಾಲು 2020ಕ್ಕೆ ನಿಂತಿತು. ಆದರೆ ಕಾರ್ಖಾನೆ ಹೊಸ ಮಾದರಿ ತರುವುದನ್ನು ನಿಲ್ಲಿಸಿದ ಮಾತ್ರಕ್ಕೆ ನಿನ್ನೆಯವರೆಗೆ ಒಳ್ಳೆಯ ಚಿತ್ರ ತೆಗೆಯುತ್ತಿದ್ದ ಯಂತ್ರ ಇಂದು ಕೆಟ್ಟ ಚಿತ್ರ ತೆಗೆಯುವುದೇ? 2013ರ ನಿಕಾನ್ ಡಿ5300ರಲ್ಲಿ 24 ಮೆಗಾಪಿಕ್ಸೆಲ್ ಸೆನ್ಸರ್ ಇದೆ. 2017ರ ಕ್ಯಾನನ್ 200ಡಿ ಕ್ಯಾಮೆರಾದಲ್ಲೂ ಅಷ್ಟೇ. ಬೇಡಿಕೆ ಹೊಸದರ ಕಡೆಗೆ ಹರಿದಿರುವುದರಿಂದ ಇವುಗಳ ಬೆಲೆ ಇಳಿದಿದೆ. ಉಳ್ಳವರು ಬಿಟ್ಟುಕೊಟ್ಟ ಈ ಸೌಲಭ್ಯವನ್ನು ಇಲ್ಲದವರು ಬಳಸಿಕೊಳ್ಳುವುದರಲ್ಲಿ ಜಾಣತನವಿದೆ.

ಮೆಗಾಪಿಕ್ಸೆಲ್ಲಿನ ಮಾತು ಬಂದದ್ದರಿಂದ ಅದನ್ನೂ ಲೆಕ್ಕ ಹಾಕಿಬಿಡೋಣ. 8 ಅಂಗುಲ ಅಗಲ, 12 ಅಂಗುಲ ಉದ್ದದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಲು ಬೇಕಾಗುವುದು 2400 ಗುಣಿಸು 3600, ಅಂದರೆ 86 ಲಕ್ಷ ಚುಕ್ಕೆಗಳು. ಒಂಬತ್ತು ಮೆಗಾಪಿಕ್ಸೆಲ್ಲಿಗೂ ಕಡಿಮೆ. ಪೂರ್ಣ ಎಚ್‌ಡಿ ಪರದೆಯನ್ನು ತುಂಬಲು ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚಿದ್ದರೆ ಸಾಕು. 2008ರ ನಿಕಾನ್ ಡಿ90ರಲ್ಲಿರುವುದು 12 ಮೆಗಾಪಿಕ್ಸೆಲ್. ನಿಮ್ಮ ಮನೆಯ ಗೋಡೆಗೆ ಹಾಕುವ ಚಿತ್ರಕ್ಕೆ ಅದೇ ಸಾಕಷ್ಟಾಯಿತು. ಉಳಿದದ್ದು ಜಾಹೀರಾತಿನ ಮಾತು.

'ಫೋನಿದೆಯಲ್ಲ' ಎಂಬುದು ಎರಡನೆಯ ಆಕ್ಷೇಪಣೆ. ಮಗುವಿನ ಮೊದಲ ಹೆಜ್ಜೆ, ಊರಹಬ್ಬ, ಅಂಗಳದ ರಂಗೋಲಿ ಇವನ್ನು ನೆನಪಿಗೆ ಇಟ್ಟುಕೊಳ್ಳಲು ಫೋನು ಧಾರಾಳವಾಯಿತು. ಅಂಥವರು ಕ್ಯಾಮೆರಾಕ್ಕೆ ಒಂದು ರೂಪಾಯಿಯನ್ನೂ ವ್ಯಯಿಸಬೇಕಾಗಿಲ್ಲ. ನಾನು ಹೇಳುತ್ತಿರುವುದು ಕಲಿಯಲು ಹೊರಟವರ ವಿಷಯ. ಫೋನು ಬೆಳಕಿನ ವಿಷಯದಲ್ಲಿ ಎಲ್ಲ ನಿರ್ಧಾರಗಳನ್ನೂ ತಾನೇ ಮಾಡುತ್ತದೆ. ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು, ಬೆರೆಸಿ, ತಿದ್ದಿ, ಬಡಿಸಿಕೊಡುತ್ತದೆ. ಉಣ್ಣುವವನಿಗೆ ಇದು ಅನುಕೂಲ, ಅಡುಗೆ ಕಲಿಯುವವನಿಗೆ ಅನನುಕೂಲ. ದ್ಯುತಿರಂಧ್ರವನ್ನು ಹಿಗ್ಗಿಸಿದರೆ ಹಿನ್ನೆಲೆ ಏಕೆ ಮಸುಕಾಗುತ್ತದೆ, ಷಟರ್ ನಿಧಾನವಾದರೆ ಜಲಪಾತ ಏಕೆ ಹಾಲಿನಂತೆ ಕಾಣುತ್ತದೆ ಎಂಬುದನ್ನು ತನ್ನ ಬೆರಳಿನಿಂದಲೇ ಚಕ್ರ ತಿರುಗಿಸಿ ಕಂಡುಕೊಂಡವನಿಗೆ ಮಾತ್ರ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ. ಪ್ರಯೋಗಾಲಯಕ್ಕೆ ಕರೆದೊಯ್ಯದೆ ಬೋರ್ಡಿನ ಮೇಲೆಯೇ ಬೆಳಕಿನ ಪಾಠ ಮುಗಿಸುವ ಮೇಷ್ಟರು ಎಂಥ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಾರೆಂಬುದನ್ನು ನಾನು ಬಲ್ಲೆ.

ಮೂರನೆಯದೇ ಎಲ್ಲಕ್ಕಿಂತ ಗಂಭೀರವಾದದ್ದು. ಬಂಧುಗಳೊಬ್ಬರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ನನ್ನನ್ನು ನೇರವಾಗಿ ಕೇಳಿದರು: 'ಅಲ್ಲ ಮೇಷ್ಟರೇ, ಸಾಹುಕಾರರ ಮಕ್ಕಳಿಗೆ ಹೊಸದು, ಬಡವರ ಮಕ್ಕಳಿಗೆ ಅವರು ಬಿಟ್ಟದ್ದು. ಜೀವಮಾನವೆಲ್ಲ ಪಾಠ ಹೇಳಿ ನೀವು ಕಲಿಸುವುದು ಇದನ್ನೇ ಏನು?' ಮಾತು ಕಟುವಾಗಿತ್ತು, ಆದರೆ ಹುರುಳಿಲ್ಲದ್ದಲ್ಲ. ಎಂಜಲು ಎಂಬ ಮಾತಿನ ನೋವು ನಮ್ಮ ಸಮಾಜಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ, ಉತ್ತರಿಸುತ್ತೇನೆ.

ನನ್ನ ಶಿಷ್ಯರೆಲ್ಲ ನೆನಪಿಸಿಕೊಳ್ಳಲಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿಯವರು ಹತ್ತನೆಯ ತರಗತಿ ಮುಗಿಸಿದವರ ಮನೆಗೆ ಹೋಗಿ ಅರ್ಧ ಬೆಲೆಗೆ ಪಠ್ಯಪುಸ್ತಕ, ನೋಟ್ಸು, ಕಂಪಾಸ್ ಪೆಟ್ಟಿಗೆ ತರುತ್ತಿದ್ದಿರಿ. ಆ ಪುಸ್ತಕದ ಅಂಚಿನಲ್ಲಿ ಹಿಂದಿನವನು ಪೆನ್ಸಿಲ್ಲಿನಲ್ಲಿ ಬರೆದ ಟಿಪ್ಪಣಿ ಎಷ್ಟೋ ಸಲ ನನ್ನ ಪಾಠಕ್ಕಿಂತ ಚೆನ್ನಾಗಿರುತ್ತಿತ್ತು. ಹಳೆಯ ಪುಸ್ತಕ ಓದಿದವರು ಕಡಿಮೆ ಅಂಕ ತೆಗೆದರೇ? ಇಂದು ಎಂಜಿನಿಯರುಗಳೂ ವೈದ್ಯರೂ ಆಗಿರುವ ನಿಮ್ಮಲ್ಲಿ ಯಾರಾದರೂ ಅದಕ್ಕಾಗಿ ನಾಚಿಕೊಳ್ಳುವಿರೇ? ಹಳ್ಳಿಯಲ್ಲಿ ಎರಡನೆಯ ಕೈಯ ಟ್ರಾಕ್ಟರು ತಂದರೆ ಅದಕ್ಕೆ ಹಾರ ಹಾಕಿ, ತೆಂಗಿನಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮನೆತುಂಬಿಸಿಕೊಳ್ಳುತ್ತೇವೆ. ಅದು ಅನ್ನ ಕೊಡುವ ಯಂತ್ರ, ಹೇಗೆ ಬಂದರೂ ಗೌರವವೇ. ಕ್ಯಾಮೆರಾದ ವಿಷಯಕ್ಕೆ ಬಂದಾಗ ಮಾತ್ರ ಈ ನಾಚಿಕೆ ಎಲ್ಲಿಂದ ಬಂತು? ಅದನ್ನು ನಾವು ಉಪಕರಣವೆಂದು ನೋಡದೆ ಕೊರಳಿಗೆ ಹಾಕಿಕೊಳ್ಳುವ ಒಡವೆಯೆಂದು ನೋಡುತ್ತಿರುವುದರಿಂದ. ಒಡವೆಯೆಂದು ಮಾರಿದರೆ ಅಂಗಡಿಯವನಿಗೆ ಲಾಭ ಹೆಚ್ಚು, ಆದ್ದರಿಂದ ಅವನು ಹಾಗೆಯೇ ಮಾರುತ್ತಾನೆ.

ಬಡವರ ಮಕ್ಕಳ ಘನತೆಯ ಬಗ್ಗೆ ಕಾಳಜಿಯುಳ್ಳವರು ಒಂದು ವಿಷಯ ಯೋಚಿಸಬೇಕು. ಸ್ವಂತ ಹಣ ತೆತ್ತು, ಸ್ವಂತ ಕಣ್ಣಿನಿಂದ ಪರೀಕ್ಷಿಸಿ, ಬೆಲೆ ಚೌಕಾಸಿ ಮಾಡಿ ತಂದ ವಸ್ತು ಎಂಜಲಲ್ಲ. ವಸೂಲಿಯವನು ಮನೆಬಾಗಿಲಿಗೆ ಬಂದು ನೆರೆಹೊರೆಯವರ ಮುಂದೆ ಕೂಗಾಡಿದಾಗ ಹೋಗುವುದಿದೆಯಲ್ಲ, ಅದು ಘನತೆ.

ನಮ್ಮ ನಾಡಿನ ಇತಿಹಾಸವನ್ನೇ ನೋಡಿ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಸಾಮಾನ್ಯ ಜನರ ಬದುಕನ್ನು ಚಿತ್ರಿಸಿ ಜಗತ್ತಿನ ದೊಡ್ಡ ಪತ್ರಿಕೆಗಳ ಪುಟ ಸೇರಿದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡುತೋಟದಲ್ಲಿ ಹಕ್ಕಿಗಳ ಹಿಂದೆ ಅಲೆದದ್ದು ಫಿಲ್ಮಿನ ಕಾಲದಲ್ಲಿ. ಆಗ ಒಂದು ರೋಲಿನಲ್ಲಿ 36 ಚಿತ್ರ, ತಪ್ಪಿದ ಪ್ರತಿಯೊಂದಕ್ಕೂ ಹಣ ತೆರಬೇಕು, ಫಲಿತಾಂಶ ನೋಡಲು ದಿನಗಟ್ಟಲೆ ಕಾಯಬೇಕು. ಇಂದು ಬಳಕೆಯಾದ ಡಿಎಸ್‌ಎಲ್‌ಆರ್ ಕೊಳ್ಳುವ ಹುಡುಗಿಗೆ ಇರುವ ಅನುಕೂಲ ಅವರಿಗಿರಲಿಲ್ಲ: ಸಾವಿರ ಸಲ ತಪ್ಪಬಹುದು, ಆ ಕ್ಷಣವೇ ನೋಡಬಹುದು, ಅಳಿಸಬಹುದು. ಇಷ್ಟಿದ್ದೂ 'ಹೊಸ ಕ್ಯಾಮೆರಾ ಬಂದ ಮೇಲೆ ಕಲಿಯುತ್ತೇನೆ' ಎನ್ನುವವರನ್ನು ಕಂಡಾಗ, ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನೆನಪಾಗುತ್ತದೆ.

ಇನ್ನು ಲೆನ್ಸಿನ ವಿಷಯ. ಇಲ್ಲಿ ನನ್ನ ಜಗಳ ಅಂಗಡಿಯವರ 'ಎರಡು ಲೆನ್ಸಿನ ಕಟ್ಟು' ಎಂಬುದರೊಡನೆ. 18-55 ಮತ್ತು 70-300 ಎಂದು ಎರಡು ಕೊಳವೆಗಳನ್ನು ಕೊಟ್ಟು, 'ಹತ್ತಿರದ್ದಕ್ಕೆ ಒಂದು, ದೂರದ್ದಕ್ಕೆ ಒಂದು' ಎಂದು ಕಳಿಸುತ್ತಾರೆ. ಹತ್ತನೆಯ ತರಗತಿಯ ಮಸೂರದ ಪಾಠವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಎಫ್ ಸಂಖ್ಯೆಯೆಂದರೆ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದ್ದು. 18-55 ಲೆನ್ಸು 55 ಮಿ.ಮೀ.ಗೆ ಬಂದಾಗ ಸಾಮಾನ್ಯವಾಗಿ ಎಫ್/5.6; ರಂಧ್ರದ ವ್ಯಾಸ ಹತ್ತು ಮಿ.ಮೀ.ಗಿಂತ ತುಸು ಕಡಿಮೆ. 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಅದೇ ವ್ಯಾಸ ಸುಮಾರು 28 ಮಿ.ಮೀ. ಸೆನ್ಸರಿಗೆ ಬೀಳುವ ಬೆಳಕು ಎಫ್ ಸಂಖ್ಯೆಗಳ ಅನುಪಾತದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ, ಹೆಚ್ಚುಕಡಿಮೆ ಹತ್ತು ಬರುತ್ತದೆ. ಹತ್ತು ಪಟ್ಟು ಬೆಳಕು! ಒಂದೇ ಬಲ್ಬು ಉರಿಯುವ ನಡುಮನೆಯಲ್ಲಿ ಅಜ್ಜಿಯ ಮುಖವನ್ನು ಫ್ಲ್ಯಾಷಿಲ್ಲದೆ ಹಿಡಿಯಬೇಕಾದರೆ ಬೇಕಾಗುವುದು ಈ ಹತ್ತು ಪಟ್ಟು.

ಒಂದೇ ಸಂಗಮದೂರದ ಲೆನ್ಸಿಗೆ ಇನ್ನೊಂದು ಗುಣವಿದೆ: ಅದು ಕಾಲಿಗೆ ಕೆಲಸ ಕೊಡುತ್ತದೆ. ಜೂಮ್ ಲೆನ್ಸು ಹಿಡಿದವನು ನಿಂತಲ್ಲೇ ನಿಂತು ಉಂಗುರ ತಿರುಗಿಸುತ್ತಾನೆ. ಇವನು ಮುಂದೆ ಹೋಗಬೇಕು, ಹಿಂದೆ ಸರಿಯಬೇಕು, ಕುಳಿತುಕೊಳ್ಳಬೇಕು. ಮನುಷ್ಯರ ಚಿತ್ರವಾದರೆ ಅವರ ಬಳಿಗೆ ಹೋಗಿ ಎರಡು ಮಾತನಾಡಿಸಬೇಕು. ಫ್ರಾನ್ಸಿನ ಆರಿ ಕಾರ್ತಿಯೇ ಬ್ರೆಸ್ಸೋನ್ ತಮ್ಮ ಬಹುಪಾಲು ಕೆಲಸವನ್ನು 50 ಮಿ.ಮೀ. ಲೆನ್ಸೊಂದರಲ್ಲೇ ಮಾಡಿದರು.

ಆದರೆ ಎಲ್ಲರೂ 50 ಮಿ.ಮೀ. ಎಂದರೆಂದು ಕಣ್ಣುಮುಚ್ಚಿ ಅದನ್ನೇ ಕೊಳ್ಳಬೇಡಿ. ಬ್ರೆಸ್ಸೋನ್ ಬಳಸಿದ್ದು 36 ಮಿ.ಮೀ. ಅಗಲದ ಚೌಕಟ್ಟಿನ ಫಿಲ್ಮು. ನಮ್ಮ ಬಜೆಟ್ಟಿಗೆ ಸಿಗುವ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಅದಕ್ಕಿಂತ ಚಿಕ್ಕದು: ನಿಕಾನಿನಲ್ಲಿ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್ನಿನಲ್ಲಿ ಸುಮಾರು 22.3 ಮಿ.ಮೀ. ಹತ್ತಡಿ ದೂರದಲ್ಲಿ ನಿಂತರೆ ಕ್ಯಾನನ್ ಮೇಲಿನ 50 ಮಿ.ಮೀ. ಲೆನ್ಸು ನಾಲ್ಕೂವರೆ ಅಡಿ ಅಗಲವನ್ನಷ್ಟೇ ಕಾಣುತ್ತದೆ. ನಮ್ಮ ಮನೆಗಳ ಕೋಣೆಯೇ ಹತ್ತಡಿ. ಗೋಡೆಗೆ ಬೆನ್ನು ತಾಗಿಸಿ ನಿಂತರೂ ನಾಲ್ಕು ಜನರ ಕುಟುಂಬ ಚೌಕಟ್ಟಿಗೆ ಬರುವುದಿಲ್ಲ. ನಿಕಾನ್ ಕೊಳ್ಳುವವರು 2009ರಲ್ಲಿ ಬಂದ 35 ಮಿ.ಮೀ. ಎಫ್/1.8 ಡಿಎಕ್ಸ್ ಲೆನ್ಸನ್ನು ಹುಡುಕಲಿ. ಅದೇ ಹತ್ತಡಿಯಲ್ಲಿ ಅದು ಆರೂಮುಕ್ಕಾಲು ಅಡಿ ಕಾಣುತ್ತದೆ. ಕ್ಯಾನನ್ ಕೊಳ್ಳುವವರಿಗೆ 24 ಮಿ.ಮೀ. ಎಫ್/2.8 ಎಸ್‌ಟಿಎಂ ಇದೆ. ಒಂಬತ್ತಡಿಗೂ ಹೆಚ್ಚು ಕಾಣುತ್ತದೆ. ಮುಖಚಿತ್ರಗಳೇ ಮುಖ್ಯವೆನ್ನುವವರಿಗೆ 2015ರ ಕ್ಯಾನನ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಸರಿ. ಹಳೆಯ 18-55 ಕ್ಯಾಮೆರಾದ ಜೊತೆಗೇ ಬಂದರೆ ಬೇಡವೆನ್ನಬೇಡಿ, ಅದಕ್ಕೆಂದು ಹೆಚ್ಚು ಹಣವನ್ನೂ ಕೊಡಬೇಡಿ. ಹಕ್ಕಿಗಳ ಹುಚ್ಚಿರುವವರು ಉದ್ದ ಲೆನ್ಸನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.

ಹೊಂದಾಣಿಕೆಯ ಬಗ್ಗೆ ಮೂರು ಎಚ್ಚರಿಕೆಗಳು. ನಿಕಾನಿನ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರು ಇರುವುದಿಲ್ಲ. ಹಳೆಯ 50 ಮಿ.ಮೀ. ಎಫ್/1.8ಡಿ ಅಗ್ಗವೆಂದು ಅವಕ್ಕೆ ಕೊಂಡರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಡಿ90, ಡಿ7000, ಡಿ7100ಗಳಲ್ಲಿ ಮೋಟಾರು ಇದೆ. ಪ್ರತಿಯಾಗಿ, ನಿಕಾನಿನ ಹೊಸ ಎಎಫ್-ಪಿ ಲೆನ್ಸುಗಳು ಡಿ90, ಡಿ7000ಗಳ ಮೇಲೆ ಫೋಕಸ್ ಆಗುವುದಿಲ್ಲ. ಇನ್ನು 2019ರ ಕ್ಯಾನನ್ 200ಡಿ ಮಾರ್ಕ್ 2ರ ತಲೆಯ ಮೇಲಿನ ಫ್ಲ್ಯಾಷ್ ಜಾಗದಲ್ಲಿ ನಡುವಿನ ಸಂಪರ್ಕಬಿಂದುವೇ ಇಲ್ಲ. ಅಗ್ಗದ ಬೇರೆ ಕಂಪನಿಯ ಫ್ಲ್ಯಾಷುಗಳು ಅಲ್ಲಿ ಬೆಳಗುವುದಿಲ್ಲ. ಇಂಥ ವಿವರಗಳನ್ನು ಮಾರುವವನು ತಾನಾಗಿ ಹೇಳುವುದಿಲ್ಲ.

ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು? ಹಗಲು ಹೊತ್ತಿನಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ. ನಿಮ್ಮದೇ ಮೆಮೊರಿ ಕಾರ್ಡು ಒಯ್ಯಿರಿ. ಮೊದಲು ಮೂಲ ರಸೀದಿ ಕೇಳಿ. ಅದರಲ್ಲಿರುವ ಕ್ರಮಸಂಖ್ಯೆ ಕ್ಯಾಮೆರಾದ ಮೈಮೇಲಿನದಕ್ಕೆ ಹೊಂದಬೇಕು. ರಸೀದಿಯೂ ಇಲ್ಲ, ಬೆಲೆಯೂ ನಂಬಲಾಗದಷ್ಟು ಕಡಿಮೆ ಎಂದರೆ ಎದ್ದು ಬನ್ನಿ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ.

ಬಳಿಕ ಷಟರ್ ಎಷ್ಟು ಬಾರಿ ತೆರೆದಿದೆಯೆಂದು ನೋಡಿ. ಗಾಡಿಗೆ ಕಿಲೋಮೀಟರ್ ಇದ್ದಂತೆ ಕ್ಯಾಮೆರಾಕ್ಕೆ ಈ ಎಣಿಕೆ. ನಿಕಾನಿನಲ್ಲಿ ತೆಗೆದ ಚಿತ್ರದ ಕಡತದೊಳಗೇ ಅದು ದಾಖಲಾಗಿರುತ್ತದೆ. ಕ್ಯಾನನ್ನಿನ ಹಲವು ಮಾದರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸಿ ತಂತ್ರಾಂಶದ ಮೂಲಕ ನೋಡಬೇಕು. ಡಿ5300ರಂಥವನ್ನು ಒಂದು ಲಕ್ಷ, ಡಿ7000ವನ್ನು ಒಂದೂವರೆ ಲಕ್ಷ ಬಾರಿಗೆ ಪರೀಕ್ಷಿಸಿ ತಯಾರಿಸಿದ್ದಾರೆ. ಮದುವೆ ಛಾಯಾಗ್ರಾಹಕರ ಕೈಯಲ್ಲಿ ದುಡಿದದ್ದಕ್ಕಿಂತ ಪ್ರವಾಸಕ್ಕೆಂದು ಕೊಂಡು ಮೂಲೆಗಿಟ್ಟವರ ಕ್ಯಾಮೆರಾ ಸಾಮಾನ್ಯವಾಗಿ ಕಡಿಮೆ ಓಡಿರುತ್ತದೆ.

ರಂಧ್ರವನ್ನು ಎಫ್/16ಕ್ಕೆ ಕಿರಿದುಮಾಡಿ ಬಿಳಿಗೋಡೆಯ ಚಿತ್ರ ತೆಗೆಯಿರಿ. ಸೆನ್ಸರ್ ಮೇಲಿನ ಕಲೆಗಳು ಎದ್ದು ಕಾಣುತ್ತವೆ. ದೂಳಾದರೆ ತೆಗೆಸಬಹುದು, ಗೀರಾದರೆ ಬೇಡ. ಲೆನ್ಸಿನ ಮುಚ್ಚಳ ಹಾಕಿ ಒಂದು ಸೆಕೆಂಡಿನ ಚಿತ್ರ ತೆಗೆದರೆ ಕೆಟ್ಟ ಪಿಕ್ಸೆಲ್ಲುಗಳು ಬಣ್ಣದ ಚುಕ್ಕೆಗಳಾಗಿ ಮಿನುಗುತ್ತವೆ. ಲೆನ್ಸನ್ನು ಕಳಚಿ ಹಿಂದಿನಿಂದ ಫೋನಿನ ಟಾರ್ಚು ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಗಾಜಿಗೆ ತಗಲುವ ದೊಡ್ಡ ರೋಗ ಇದೇ. ಎಷ್ಟೇ ಅಗ್ಗವಾದರೂ ಅದನ್ನು ಮುಟ್ಟಬೇಡಿ. ಮುದ್ರಿತ ಪುಟವೊಂದನ್ನು ಪೂರ್ತಿ ತೆರೆದ ರಂಧ್ರದಲ್ಲಿ ತೆಗೆದು ಅಕ್ಷರಗಳು ಚೂಪಾಗಿವೆಯೇ ನೋಡಿ. ಬ್ಯಾಟರಿ ಉಬ್ಬಿದೆಯೇ, ಕಾರ್ಡಿನ ಗೂಡಿನ ಸೂಜಿಗಳು ನೆಟ್ಟಗಿವೆಯೇ, ಪ್ರತಿಯೊಂದು ಗುಂಡಿಯೂ ಕೆಲಸ ಮಾಡುತ್ತದೆಯೇ ಎಂದು ಒತ್ತಿ ನೋಡಿ. ಮಾರುವವನು ಅವಸರಪಡಿಸಿದರೆ ಅಲ್ಲಿಗೇ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ.

ಮುಖ ನೋಡದವರಿಗೆ ಮುಂಗಡ ಹಣ ಕಳಿಸಬೇಡಿ. ಸೈನಿಕನೆಂದು ಹೇಳಿಕೊಂಡು, ವರ್ಗಾವಣೆಯಾಗಿದೆಯೆಂದು ಕಥೆ ಕಟ್ಟಿ, ಸೇನೆಯ ಗುರುತುಚೀಟಿಯ ಚಿತ್ರ ಕಳಿಸಿ ಹಣ ಕೀಳುವ ವಂಚಕರಿದ್ದಾರೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆಂದರೆ ಹಣ ಹೋಗುತ್ತಿದೆಯೆಂದೇ ಅರ್ಥ.

25,000 ರೂಪಾಯಿ ಕೂಡಿಟ್ಟ ಹುಡುಗಿಗೆ ನಾನು ಹೇಳುವ ಹಂಚಿಕೆ ಇದು: ಕ್ಯಾಮೆರಾಕ್ಕೆ 13,000, ಲೆನ್ಸಿಗೆ 6,000, ಕಾರ್ಡು, ಇನ್ನೊಂದು ಬ್ಯಾಟರಿ, ದೂಳೂದುವ ರಬ್ಬರ್ ಬುರುಡೆ, ಚೀಲ ಇವುಗಳಿಗೆ 2,500. ಉಳಿದ 3,500 ರೂಪಾಯಿಯನ್ನು ಮುಟ್ಟಬಾರದು. ಅದು ರಿಪೇರಿಯ ನಿಧಿ. ಬಳಸಿದ ವಸ್ತುವಿಗೆ ವಾರಂಟಿ ಇರುವುದಿಲ್ಲ ಎಂಬ ಆಕ್ಷೇಪಣೆಗೆ ಈ ನಿಧಿಯೇ ಉತ್ತರ. ಬೆಲೆಗಳು ಊರಿಂದೂರಿಗೆ, ಸ್ಥಿತಿಯಿಂದ ಸ್ಥಿತಿಗೆ ಬದಲಾಗುತ್ತವೆ. ಅಷ್ಟರಲ್ಲಿ ಡಿ5300 ಸಿಗದಿದ್ದರೆ ಡಿ7000 ಸಿಗಬಹುದು, ಅದೂ ಇಲ್ಲವಾದರೆ 2013ರ ಕ್ಯಾನನ್ 700ಡಿ. ಮಾದರಿಯ ಹೆಸರಿಗಿಂತ ಅದರ ಸ್ಥಿತಿ ಮುಖ್ಯ. ನಿವೃತ್ತಿಯ ನಂತರ ನಾನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿರುವುದೂ 2010ರ ಮಾದರಿಯ, ಬೇರೊಬ್ಬರು ಬಳಸಿದ ಡಿ7000. ಹಿಡಿಕೆಯ ರಬ್ಬರು ಸ್ವಲ್ಪ ಸಡಿಲವಾಗಿದೆ; ಚಿತ್ರಗಳು ಸಡಿಲವಾಗಿಲ್ಲ.

ಕೊನೆಯದಾಗಿ, ಈ ಪುಟವನ್ನು ಓದುತ್ತಿರುವ ನಿಮ್ಮಲ್ಲೇ ಹಲವರ ಮೇಲೆ ನನ್ನದೊಂದು ದೂರು. ಹತ್ತು ಹನ್ನೆರಡು ವರ್ಷಗಳ ಹಿಂದೆ, ಮೊದಲ ಸಂಬಳದ ಉತ್ಸಾಹದಲ್ಲಿ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ನೀವೆಲ್ಲ ಒಂದೊಂದು ಡಿಎಸ್‌ಎಲ್‌ಆರ್ ಕೊಂಡಿರಿ. ಕೂರ್ಗಿಗೆ, ಹಂಪಿಗೆ ಎರಡು ಸಲ ಒಯ್ದಿರಿ. ಮಗುವಿನ ನಾಮಕರಣದಲ್ಲಿ ಒಮ್ಮೆ ತೆಗೆದಿರಿ. ಆಮೇಲೆ ಅದು ಚರ್ಮದ ಚೀಲದೊಳಗೆ, ರೇಷ್ಮೆ ಸೀರೆಗಳ ಕೆಳಗೆ, ಬೀರುವಿನ ಕತ್ತಲೆಯಲ್ಲಿ ಮಲಗಿದೆ. ಬೂಷ್ಟಿಗೆ ಬೇಕಾದದ್ದು ಅದೇ: ಕತ್ತಲೆ, ತೇವ, ಆಡದ ಗಾಳಿ. ವರ್ಷ ಕಳೆದಂತೆ ಅದರ ಬೆಲೆಯೂ ಇಳಿಯುತ್ತಿದೆ, ಗಾಜೂ ಕೆಡುತ್ತಿದೆ. ನೀವು ಬಳಸುವುದಿಲ್ಲ, ಮಾರಲು ಸಂಕೋಚ, ಕೊಡಲು ಮನಸ್ಸಿಲ್ಲ. 'ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಸಾರ್' ಎಂದು ನನಗೆ ಪಾಠ ಹೇಳುವವರೂ ನೀವೇ. ಕಾಲ ಮುಗಿದದ್ದಲ್ಲ, ನಿಮ್ಮ ಬೀರುವಿನಲ್ಲಿ ಬಂದಿಯಾಗಿದೆ.

ಇಂದೇ ಅದನ್ನು ಹೊರಗೆ ತೆಗೆಯಿರಿ. ಬಿಸಿಲು ತಾಗದ, ಗಾಳಿಯಾಡುವ ಕಡೆ ಇಟ್ಟು ಒರೆಸಿ. ಚಾರ್ಜು ಮಾಡಿ ಕೆಲಸ ಮಾಡುತ್ತದೆಯೇ ನೋಡಿ. ನಿಮಗೆ ಬೇಕಿದ್ದರೆ ಬಳಸಿ. ಬೇಡವಾದರೆ ನಿಮ್ಮೂರಿನ ಶಾಲೆಯಲ್ಲಿ ಕಲಿತ, ಕಣ್ಣಿರುವ, ಹಣವಿಲ್ಲದ ಹುಡುಗನಿಗೋ ಹುಡುಗಿಗೋ ನ್ಯಾಯವಾದ ಬೆಲೆಗೆ ಕೊಡಿ. ಪುಕ್ಕಟೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಪುಕ್ಕಟೆ ಕೊಟ್ಟರೆ ಪಡೆದವರ ಮೇಲೆ ಋಣದ ಭಾರ, ಕೊಟ್ಟವರಿಗೆ ದಾನದ ಅಹಂಕಾರ. ಜೂನ್ ತಿಂಗಳಲ್ಲಿ ಹಳೆಯ ಪಠ್ಯಪುಸ್ತಕವನ್ನು ಕಿರಿಯನಿಗೆ ಅರ್ಧ ಬೆಲೆಗೆ ಕೊಡುತ್ತಿದ್ದಿರಲ್ಲ, ಹಾಗೆ ಕೊಡಿ. ಜೊತೆಗೆ ರಸೀದಿ ಇದ್ದರೆ ಅದನ್ನೂ, ಷಟರ್ ಎಣಿಕೆಯನ್ನೂ, ಎಲ್ಲಾದರೂ ದೋಷವಿದ್ದರೆ ಅದನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ನಿಮ್ಮ ಅಕ್ಷರ ದುಂಡಗಿರಬೇಕೆಂದು ನಾನು ಎಷ್ಟು ಬೈದಿದ್ದೇನೆ. ಈಗ ಅದು ಉಪಯೋಗಕ್ಕೆ ಬರಲಿ.

ನಿಮ್ಮ,
ಹಳೆಯ ಮೇಷ್ಟರು